ಡೋಲಿನ ಸದ್ದು ಯಾರದು?

ಬ್ರಿಯಾನ್ ಈನೋ ಮತ್ತು ಡೇವಿಡ್ ಬರ್ನ್ ಎಂಬ ಸಂಗೀತಗಾರರು 1981ರಲ್ಲಿ 'ಮೈ ಲೈಫ್ ಇನ್ ದ ಬುಷ್ ಆಫ್ ಘೋಸ್ಟ್ಸ್' ಎಂಬ ಆಲ್ಬಂ ಹೊರತಂದರು. ಹೆಸರನ್ನು ನೈಜೀರಿಯಾದ ಲೇಖಕ ಅಮೋಸ್ ಟುಟುವೊಲಾರ ಕಾದಂಬರಿಯಿಂದ ಎತ್ತಿಕೊಂಡಿದ್ದರು. ಆಫ್ರಿಕಾದ ತಾಳವಾದ್ಯಗಳಿಂದ ಪ್ರೇರಿತವಾದ ಲಯಕ್ಕೆ, ರೇಡಿಯೋದಲ್ಲೂ ಧ್ವನಿಮುದ್ರಿಕೆಗಳಲ್ಲೂ ಸಿಕ್ಕ ಅನ್ಯರ ದನಿಗಳನ್ನು ಟೇಪಿನ ತುಣುಕುಗಳಾಗಿ ಜೋಡಿಸಿದ ಪ್ರಯೋಗವದು. ಒಂದು ಹಾಡಿನಲ್ಲಿ ಅಲ್ಜೀರಿಯಾದ ಮುಸ್ಲಿಮರ ಕುರ್‌ಆನ್ ಪಾರಾಯಣವನ್ನೇ ಬಳಸಲಾಗಿತ್ತು. ಬ್ರಿಟನ್ನಿನ ಮುಸ್ಲಿಮ್ ಸಂಘಟನೆಯೊಂದು ಆಕ್ಷೇಪಿಸಿದ ಬಳಿಕ ಆ ಹಾಡನ್ನು ಮುಂದಿನ ಆವೃತ್ತಿಗಳಿಂದ ಕೈಬಿಡಲಾಯಿತು.

ಈ ಆಕ್ಷೇಪ ನಮಗೆ ಬೇಗ ಅರ್ಥವಾಗುತ್ತದೆ. ಪಾರಾಯಣ ಮಾಡಿದವರು ಆ ಹೊತ್ತು ಯಾರ ಮನರಂಜನೆಗೂ ನಿಂತಿರಲಿಲ್ಲ. ಅವರ ದನಿಯನ್ನು ಅದರ ಉದ್ದೇಶದಿಂದ ಕಿತ್ತು ಬೇರೆಡೆ ನೆಟ್ಟಾಗ ನೋವಾಗುವುದು ಸಹಜ. ಆದರೆ ಅದೇ ಆಲ್ಬಮ್ಮಿಗೆ ಪ್ರೇರಣೆಯಾದ ಆಫ್ರಿಕಾದ ಚರ್ಮವಾದ್ಯಗಳ ಬಗ್ಗೆ ನಾವು ಹಾಗೆ ಯೋಚಿಸುತ್ತೇವೆಯೇ? ಆ ವಾದ್ಯಗಳಲ್ಲಿ ಹಲವು ದೈವಗಳನ್ನು, ಪೂರ್ವಜರನ್ನು ಕರೆಯಲು ನುಡಿಸುವಂಥವು. ನಮ್ಮದು ಪವಿತ್ರ, ಇತರರದು ಬರಿಯ ಸದ್ದು ಎಂದರೆ ನ್ಯಾಯವಾದೀತೇ?

ಈ ಪ್ರಶ್ನೆ ಕೇಳಲು ಆಫ್ರಿಕಾಕ್ಕೇ ಹೋಗಬೇಕಿಲ್ಲ. ಅಲ್ಲಿಂದ ಬಂದ ಸಿದ್ದಿಗಳ ಡಮಾಮಿ ಉತ್ತರ ಕನ್ನಡದ ಕಾಡಂಚಿನಲ್ಲಿ ಇಂದಿಗೂ ಮೊಳಗುತ್ತದೆ. ಮಂಗಳೂರಿನಲ್ಲಾದರೆ ಕೊರಗರ ಡೋಲು ಇದೆ. ಇಂದು ಒಂದು ಮೊಬೈಲ್ ಇದ್ದರೆ ಸಾಕು, ಈ ಪೆಟ್ಟುಗಳನ್ನು ಹಿಡಿದು, ಕಂಪ್ಯೂಟರಿನಲ್ಲಿ ಕತ್ತರಿಸಿ, ಯಾವ ಡಿಜೆ ಸಂಗೀತಕ್ಕೂ ಬೆರೆಸಬಹುದು.

ಕೊರಗರ ಡೋಲಿನ ವಿಷಯದಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಉಳ್ಳವರ ಕಂಬಳಗಳಲ್ಲಿ, ಉತ್ಸವಗಳಲ್ಲಿ ಕೊರಗರು ಡೋಲು ಬಾರಿಸಿದ್ದು ಬಹುಪಾಲು ಬಿಟ್ಟಿ ಚಾಕರಿಯಾಗಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಆದರೆ ತಮ್ಮವರ ನಡುವೆ ಬಾರಿಸುವಾಗ ಆ ಡೋಲು ಅವರ ಸಂಭ್ರಮವೂ ಹೌದು. ಹೀಗೆ ಅವಮಾನದ ನೆನಪೂ ಅಭಿಮಾನವೂ ಒಂದೇ ಚರ್ಮದ ಮೇಲಿವೆ.

ಯಂತ್ರವೇ ಡೋಲು ಬಾರಿಸಿದರೆ ಕೊರಗರು ಚಾಕರಿಯಿಂದ ಪಾರಾದರಲ್ಲವೇ ಎಂದು ಕೆಲವರು ಕೇಳಬಹುದು. ಕೈ ಪಾರಾಗುತ್ತದೆ, ನಿಜ. ಆದರೆ ಬಾರಿಸಿದವರನ್ನು ಅಂಗಳದಾಚೆ ನಿಲ್ಲಿಸಿ ಸದ್ದನ್ನಷ್ಟೇ ಒಳಗೆ ಕರೆದುಕೊಳ್ಳುವುದು ಹಳೆಯ ಅಸ್ಪೃಶ್ಯತೆಯ ಹೊಸ ರೂಪ. ಅಂದು ಕೂಲಿ ಕೊಡಲಿಲ್ಲ, ಇಂದು ಹೆಸರನ್ನೂ ಹೇಳುವುದಿಲ್ಲ.

ಕೊಡುಕೊಳ್ಳುವಿಕೆ ಇಲ್ಲದೆ ಯಾವ ಸಂಗೀತವೂ ಬೆಳೆದಿಲ್ಲ. ನಮ್ಮ ದಫ್ ಕೂಡ ಕಡಲು ದಾಟಿ ಬಂದದ್ದೇ. ಆದ್ದರಿಂದ ಎರವಲು ಪಡೆಯುವುದೇ ತಪ್ಪೆಂದು ನಾವು ಹೇಳಲಾರೆವು. ಯಾರಿಂದ ಪಡೆದೆವೋ ಅವರ ಒಪ್ಪಿಗೆ ಕೇಳಬೇಕು, ಹೆಸರು ಹೇಳಬೇಕು, ಬಂದ ಹಣದಲ್ಲಿ ಪಾಲು ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅವರು ಬೇಡ ಎಂದರೆ ನಿಲ್ಲಿಸಬೇಕು. ಕುರ್‌ಆನ್ ಪಾರಾಯಣಕ್ಕೆ ಸಿಕ್ಕ ಆ ಮನ್ನಣೆ ಕೊರಗರ ಡೋಲಿಗೂ ಸಿಗಬೇಕೆಂದು ಕೇಳುವ ಮೊದಲ ದನಿ ನಮ್ಮದಾಗಬೇಕು.