ಅಪ್ಪನ ಬಾಟಲಿ ಮಗನ ಕೈಗೆ ಬರಲೇಬೇಕಾ?



ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ಬಂದು ಪಕ್ಕದಲ್ಲಿ ಕೂತ. "ಅಣ್ಣ, ನಮ್ಮ ತಾತ ಕುಡಿದು ಸತ್ತರು. ಅಪ್ಪ ಕುಡೀತಾರೆ. ದೊಡ್ಡಪ್ಪನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ. ಈಗ ನನಗೆ ಸಂಬಂಧ ಬಂದಿದೆ. ನಾನು ಮದುವೆ ಆಗಬಹುದಾ? ಹುಡುಗಿ ಕಡೆಯವರಿಗೆ ಇದೆಲ್ಲ ಹೇಳಬೇಕಾ?" ಅಂದ. ಅವತ್ತು ನಾನು ಪ್ರಾರ್ಥನೆ ಮಾಡಿ ಕಳಿಸಿದೆ. ಉತ್ತರ ಇವತ್ತು ಕೊಡ್ತೀನಿ, ಯಾಕಂದ್ರೆ ಇಲ್ಲಿ ಕೂತಿರೋ ಎಷ್ಟೋ ಜನರ ಒಳಗಿನ ಪ್ರಶ್ನೆ ಇದೇ. ನನ್ನದೂ ಇದೇ ಆಗಿತ್ತು.

ನಾನು ಗೌರಿಬಿದನೂರಿನ ಕುಡುಮಲಕುಂಟೆ ಕಡೆಯವನು. ಈಗ ಅಲ್ಲಿ ಕೈಗಾರಿಕಾ ಪ್ರದೇಶ ಇದೆ. ನಾನು ಚಿಕ್ಕವನಿದ್ದಾಗ ನನಗೆ ಗೊತ್ತಿದ್ದದ್ದು ಪ್ಯಾಕೆಟ್ ಸಾರಾಯಿ. ಕೂಲಿ ಬಟವಾಡೆ ಆದ ದಿನ ಅಪ್ಪನ ಹೆಜ್ಜೆ ಸದ್ದು ಕೇಳಿಯೇ ಅಮ್ಮ ನಮ್ಮನ್ನು ಹಿತ್ತಲಿಗೆ ಕಳಿಸೋರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತುಹೋಯಿತು. ಅಮ್ಮ ಸ್ತೋತ್ರ ಹೇಳಿದರು. ಆದರೆ ಅಪ್ಪ ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದರು, ಅಷ್ಟೇ. ಸರ್ಕಾರ ಅಂಗಡಿ ಮುಚ್ಚಬಹುದು, ಒಳಗಿನ ದಾಹ ಮುಚ್ಚೋಕಾಗಲ್ಲ.

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸುಲಭದ ಉತ್ತರ ಇವೆ. ಸಭೆಯೊಳಗೆ, "ಇದು ವಂಶದ ಶಾಪ, ಒಂದು ಪ್ರಾರ್ಥನೇಲಿ ಮುರಿದುಬಿಡ್ತೀವಿ" ಅಂತಾರೆ. ಹೊರಗೆ, "ರಕ್ತದಲ್ಲೇ ಬಂದಿದೆ, ಏನೂ ಮಾಡೋಕಾಗಲ್ಲ" ಅಂತಾರೆ. ಕೇಳೋಕೆ ಬೇರೆ ಬೇರೆ, ಆದರೆ ಎರಡೂ ಮಾಡೋ ಕೆಲಸ ಒಂದೇ. ನಿನ್ನ ಪಾಲಿನ ಜವಾಬ್ದಾರಿಯನ್ನು ನಿನ್ನ ಕೈಯಿಂದ ಕಿತ್ತುಕೊಳ್ಳುತ್ತವೆ.

ಮೊದಲು ನಿಜ ಏನು ನೋಡೋಣ. ಸತ್ಯಕ್ಕೆ ವಿಶ್ವಾಸಿ ಹೆದರಬಾರದು. ಕುಟುಂಬದಲ್ಲಿ ಇದು ಬರುತ್ತಾ? ಹೌದು, ಬರುತ್ತೆ. ಅವಳಿ ಮಕ್ಕಳನ್ನೂ ದತ್ತು ಹೋದ ಮಕ್ಕಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಹೇಳೋದು ಇದು: ಕುಡಿತದ ಚಟಕ್ಕೆ ಒಬ್ಬ ಬೇಗ ಬೀಳೋದು, ಇನ್ನೊಬ್ಬ ಬೀಳದೇ ಇರೋದು, ಈ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಹುಟ್ಟಿನಿಂದ ಬಂದದ್ದು. ಉಳಿದ ಅರ್ಧ ಮನೆ, ಗೆಳೆಯರು, ನೋವು, ಅಭ್ಯಾಸ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬಂದರೆ, ತಂದೆಗೋ ತಾಯಿಗೋ ಇದ್ದಾಗ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ಬರಬಹುದು. ಈ ಹತ್ತು ಕೇಳಿದ ಕೂಡಲೇ ಎದೆ ಝಲ್ ಅನ್ನುತ್ತೆ. ಆದರೆ ಉಳಿದ ತೊಂಬತ್ತು ಜನ? ಅವರಿಗೆ ಬರಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ, ಒಂದೇ ಕುಟುಂಬದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇಂಥ ಕಾಯಿಲೆಗಳಿಂದ ನರಳುವ ಮನೆಗಳನ್ನು ಸಂಶೋಧಕರು ಅಧ್ಯಯನ ಮಾಡ್ತಿದ್ದಾರೆ. ಬರೋದು ಒಲವು. ತೀರ್ಪು ಬರಲ್ಲ.

ಈಗ ವಾಕ್ಯಕ್ಕೆ ಬನ್ನಿ. ವಿಮೋಚನಕಾಂಡ 20ರಲ್ಲಿ ಮೂರು ನಾಲ್ಕು ತಲೆಗಳ ಮಾತು ಇದೆ, ನಿಜ. ಅಪ್ಪ ಮಾಡಿದ್ದರ ಪೆಟ್ಟು ಮಕ್ಕಳ ಮೇಲೆ ಬೀಳುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದರ ಮುಂದಿನ ವಚನದಲ್ಲೇ ಕರುಣೆ ಸಾವಿರ ತಲೆಗಳವರೆಗೆ ಅಂತಿದೆ. ನಾಲ್ಕು ದೊಡ್ಡದೋ, ಸಾವಿರ ದೊಡ್ಡದೋ?

ಯೆಹೆಜ್ಕೇಲ 18 ತೆಗೀರಿ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಯಿತು ಅನ್ನೋ ಗಾದೆ ಆಗ ಜನರ ಬಾಯಲ್ಲಿತ್ತು. ನಮ್ಮ ಚಿಕ್ಕಬಳ್ಳಾಪುರ ದ್ರಾಕ್ಷಿ ಬೆಳೆಯೋ ಜಿಲ್ಲೆ, ಹುಳಿ ದ್ರಾಕ್ಷಿ ಅಂದ್ರೆ ಏನು ಅಂತ ನಮಗೆ ಗೊತ್ತು. ದೇವರು ಆ ಗಾದೆಯನ್ನೇ ನಿಲ್ಲಿಸಿ ಅಂತಾನೆ. ಮಗ ಅಪ್ಪನನ್ನು ನೋಡಿ, ಯೋಚಿಸಿ, ಬೇರೆ ದಾರಿ ಹಿಡಿದರೆ ಅವನು ಬದುಕುತ್ತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಯಾರದು, ಇವನದಾ, ಹೆತ್ತವರದಾ ಅಂತ ಕೇಳಿದರು. ಯೇಸು ಇಬ್ಬರದೂ ಅಲ್ಲ ಅಂದ. ಹಾಗಾದರೆ ದೊಡ್ಡಪ್ಪನ ಕಾಯಿಲೆಗೆ ಪಾಪದ ಹೆಸರಿಡೋಕೆ ನಾವು ಯಾರು?

ಇನ್ನೊಂದು ಮನೆತನ ನೋಡಿ, ಯೆರೆಮೀಯ 35. ಯೋನಾದಾಬ ಅನ್ನೋ ಹಿರಿಯ ತನ್ನ ಮಕ್ಕಳಿಗೆ ದ್ರಾಕ್ಷಾರಸ ಮುಟ್ಟಬೇಡಿ ಅಂದ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆದಮೇಲೆ ಯೆರೆಮೀಯ ಆ ಮನೆಯವರ ಮುಂದೆ ಪಾತ್ರೆ ತುಂಬಿಸಿಟ್ಟ. ಅವರು ಕುಡಿಯಲಿಲ್ಲ! ಕುಡಿತ ಮಾತ್ರ ಅಲ್ಲ ಪ್ರಿಯರೇ, ಕುಡಿಯದೇ ಇರೋದೂ ವಂಶದಲ್ಲಿ ಹರಿಯುತ್ತೆ. ಯಾರೋ ಒಬ್ಬ ಶುರು ಮಾಡಬೇಕು. ನಿನ್ನ ಮನೇಲಿ ಆ ಯೋನಾದಾಬ ನೀನೇ ಆಗಬಾರದಾ? ಆಮೆನ್?

ಇಲ್ಲಿ ಒಂದು ನೋವಿನ ಮಾತು. ನಮ್ಮ ಚಿಕ್ಕಮ್ಮನಿಗೆ ಮಾನಸಿಕ ಕಾಯಿಲೆ ಇತ್ತು. ಮಾತ್ರೆಯಿಂದ ಅಡುಗೆ ಮಾಡ್ಕೊಂಡು, ಹಾಡು ಹೇಳ್ಕೊಂಡು ಚೆನ್ನಾಗಿದ್ದರು. ಒಂದು ಕೂಟದಲ್ಲಿ ಯಾರೋ, "ನಂಬಿಕೆ ಇದ್ರೆ ಮಾತ್ರೆ ಬಿಡು" ಅಂದರು. ಬಿಟ್ಟರು. ಎರಡು ತಿಂಗಳಲ್ಲಿ ನಮ್ಮ ಗುರುತೇ ಸಿಗದ ಹಾಗಾದರು. ನಾನೂ ಆ ಕೂಟದಲ್ಲಿ ಆಮೆನ್ ಅಂದಿದ್ದೆ. ಆ ಆಮೆನ್‌ಗಾಗಿ ಇವತ್ತಿಗೂ ದೇವರ ಮುಂದೆ ಕ್ಷಮೆ ಕೇಳ್ತೀನಿ. ಸಕ್ಕರೆ ಕಾಯಿಲೆ ಮಾತ್ರೆ ನುಂಗಿದರೆ ನಂಬಿಕೆ ಹೋಗಲ್ಲ ಅಂದಮೇಲೆ ಮನಸ್ಸಿನ ಮಾತ್ರೆಗೆ ಯಾಕೆ ಹೋಗುತ್ತೆ?

ಅದೇ ರೀತಿ, ವರ್ಷಗಟ್ಟಲೆ ಕುಡಿದವರನ್ನು ಒಂದೇ ದಿನದಲ್ಲಿ ನಿಲ್ಲಿಸಿ ರೂಮಲ್ಲಿ ಕೂಡಿಹಾಕಬೇಡಿ. ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿ. ಎಲ್ಲಿಗೆ ಹೋಗಬೇಕು ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ಆ ತಮ್ಮನಿಗೆ ಉತ್ತರ. ಮದುವೆ ಆಗು. ಆದರೆ ಮುಚ್ಚಿಟ್ಟು ಆಗಬೇಡ. ಸುಳ್ಳಿನ ಮೇಲೆ ಕಟ್ಟಿದ ಮನೆಗೆ ಕುಡಿತ ಬೇಕಿಲ್ಲ, ಅದು ತಾನಾಗೇ ಬೀಳುತ್ತೆ. ಸಂಬಂಧ ತಪ್ಪಿಹೋಗಬಹುದು, ನಾನು ಅದನ್ನು ಸುಲಭ ಅನ್ನಲ್ಲ. ನಾನು ಹೇಳಿದಾಗ ಒಂದು ಸಂಬಂಧ ಹೋಯಿತು. ಎರಡನೇ ಮನೆಯವರು ಕೇಳಿಸಿಕೊಂಡು, "ನಮ್ಮ ಮನೇಲೂ ಒಬ್ಬರಿದ್ದಾರೆ" ಅಂದರು. ಆ ಮನೆಯ ಮಗಳೇ ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ.

ಆಫೀಸ್ ಪಾರ್ಟಿಯಲ್ಲಿ "ಒಂದೇ ಬಿಯರ್" ಅಂತಾರೆ. ಬೇರೆಯವರಿಗೆ ಅದು ಒಂದೇ ಇರಬಹುದು. ನಿನ್ನ ಮನೆ ಕಥೆ ನಿನಗೆ ಗೊತ್ತು, ಮೊದಲನೆಯದನ್ನೇ ಮುಟ್ಟಬೇಡ. ನಿದ್ದೆ ಕೆಟ್ಟರೆ, ಮನಸ್ಸು ಭಾರ ಆದರೆ ಬೇಗ ಹೇಳು. ಅಪ್ಪನನ್ನು ದ್ವೇಷಿಸಬೇಡ, ಅವರಿಗೂ ಒಬ್ಬ ಅಪ್ಪ ಇದ್ದರು.

ಪ್ರಾರ್ಥಿಸೋಣ. ಕರ್ತನೇ, ನಮಗೆ ಬಂದದ್ದನ್ನು ನಾವು ಆರಿಸಿಕೊಳ್ಳಲಿಲ್ಲ. ನಮ್ಮಿಂದ ಮುಂದಕ್ಕೆ ಹೋಗುವುದನ್ನು ಆರಿಸಿಕೊಳ್ಳಲು ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.