ವಾದ್ಯಕ್ಕೆ ಒಡೆಯನಾರು?

ಸದ್ಭಕ್ತನಾದ ಗೃಹಸ್ಥನು ಬಹುಮೂಲ್ಯವಾದ ವಾದ್ಯವೊಂದನ್ನು ತನ್ನದೆಂದು ಇಟ್ಟುಕೊಳ್ಳಬಹುದೇ? ಮನೆಯ ಮಗನು ಲಕ್ಷ ರೂಪಾಯಿ ಬೆಲೆಯ ಎಲೆಕ್ಟ್ರಿಕ್ ಬೇಸ್ ಗಿಟಾರನ್ನೋ ಸ್ಯಾಕ್ಸೋಫೋನನ್ನೋ ಬೇಡಿದಾಗ ತಂದೆಯ ಮನಸ್ಸು ತೊಡಕಿಗೆ ಬೀಳುತ್ತದೆ. ಆ ಹಣದಿಂದ ಎಷ್ಟು ದಿನದ ದಾಸೋಹವು ನಡೆದೀತೆಂಬುದು ನ್ಯಾಯವಾದ ಶಂಕೆಯೇ ಸರಿ.

ಈ ಶಂಕೆಯನ್ನು ವಿಚಾರಿಸುವಾಗ ಕದ್ರಿ ಗೋಪಾಲನಾಥರ ಬಾಳು ಒಳ್ಳೆಯ ನಿದರ್ಶನವಾಗುತ್ತದೆ. ಅವರು ಶರಣಪಂಥದವರಲ್ಲ, ಆದರೂ ಕಾಯಕದ ಮರ್ಮವು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ, ನಾಗಸ್ವರ ವಾದಕರ ಮನೆಯಲ್ಲಿ ಅವರು ಜನಿಸಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಅದಕ್ಕೆ ಮನಸೋತರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯದಲ್ಲಿ ಒಂದೊಂದು ಸ್ವರಕ್ಕೂ ಗೊತ್ತಾದ ಕೀಲಿಗಳುಂಟು; ನಮ್ಮ ಸಂಗೀತದ ಗಮಕವಾದರೋ ಸ್ವರದಿಂದ ಸ್ವರಕ್ಕೆ ಜಾರುವಂಥದು. ಮಂಗಳೂರಿನ ಗೋಪಾಲಕೃಷ್ಣ ಅಯ್ಯರರಲ್ಲಿಯೂ ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತು, ವಾದ್ಯವನ್ನೇ ಕೊಂಚ ಮಾರ್ಪಡಿಸಿ, ಅನೇಕ ವರ್ಷಗಳ ಸಾಧನೆಯಿಂದ ಅವರು ಅದನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ಕಾಲವಾದರು. ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಮದುವೆಯ ಚಪ್ಪರದಲ್ಲಿಯೂ ದೇವಸ್ಥಾನದ ಉತ್ಸವದಲ್ಲಿಯೂ ಆ ವಾದ್ಯದ ಧ್ವನಿಯು ಕೇಳಿಬರುತ್ತದೆ.

ಅಂಗಡಿಯಲ್ಲಿ ವಾದ್ಯದ ಬೆಲೆಯನ್ನು ಒಮ್ಮೆ ತೆತ್ತರೆ ತೀರಿತು. ಉಸಿರಿನ ಬೆಲೆಯನ್ನು ದಿನದಿನವೂ ತೆರಬೇಕು. ಹಣ ಕೊಟ್ಟು ತಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವನು ವಾದ್ಯದ ಕಾವಲುಗಾರನೇ ಹೊರತು ಒಡೆಯನಲ್ಲ. ನುಡಿಸುವವನಾದರೋ ಕೊಂಡ ಧನವನ್ನೂ, ಬೆರಳು ನೋಯುವ ತನುವನ್ನೂ, ಶ್ರುತಿಯಲ್ಲಿ ನಿಂತ ಮನವನ್ನೂ ಒಂದೇ ಕಡೆ ಸವೆಸುತ್ತಾನೆ. ಅದು ಕೇಳುವವರಿಗೆ ಅರ್ಪಿತವಾದಾಗ ತ್ರಿವಿಧ ದಾಸೋಹದ ದಾರಿಯೇ ಆಗುತ್ತದೆ.

ಆದರೆ ಇಲ್ಲಿಯೂ ಒಂದು ಅಪಾಯವುಂಟು. ವಾದ್ಯದ ಮೇಲಣ ಮಮಕಾರವು ಸವೆದ ಮೇಲೆ ವಿದ್ಯೆಯ ಮೇಲಣ ಅಹಂಕಾರವು ಮೊಳೆಯಬಲ್ಲುದು. ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯಾಗಿಸಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡಿದ ವಚನವು ಎಲ್ಲರಿಗೂ ತಿಳಿದುದೇ. ದೇಹವೇ ಅವನ ವಾದ್ಯವಾದ ಬಳಿಕ, ಕೈಯಲ್ಲಿರುವ ವಾದ್ಯವು ನನ್ನದೆಂಬ ಮಾತಿಗೆ ಎಡೆಯೆಲ್ಲಿ? ಬೇಸ್ ಗಿಟಾರಿನ ದಪ್ಪ ತಂತಿಗಳು ಹಾಡಿನ ತಳದಲ್ಲಿ ಮಂದ್ರವಾಗಿ ಮಿಡಿಯುತ್ತವೆ. ಕೇಳುವವರ ಕಿವಿಯು ಗಾಯಕನ ಕಡೆಗಿರುತ್ತದೆ. ಆ ತಂತಿ ನಿಂತಾಗ ಮಾತ್ರ ಹಾಡಿನ ನೆಲೆಯು ಸಡಿಲಿದುದು ತಿಳಿಯುತ್ತದೆ. ಹೊಗಳಿಕೆಯನ್ನು ಬಯಸದೆ ಹತ್ತಾರು ವರ್ಷ ಅದನ್ನು ನುಡಿಸಿದವನಿಗೆ ವಾದನವೇ ವಿನಯದ ಶಿಕ್ಷಣ.

ಆದುದರಿಂದ ತಂದೆಯು ಬೆಲೆಯನ್ನು ಕೇಳಿದೊಡನೆ ನಿರಾಕರಿಸಬೇಕಾಗಿಲ್ಲ. ಬೇಡಿದೊಡನೆ ಕೊಡಿಸಬೇಕಾಗಿಯೂ ಇಲ್ಲ. ಮಗನು ಮೊದಲು ಸಾಧಾರಣ ವಾದ್ಯದಲ್ಲಿ ನಿತ್ಯಸಾಧನೆ ಮಾಡಲಿ. ಬಳಿಕ ಸತ್ಯಶುದ್ಧ ಕಾಯಕದ ದುಡಿಮೆಯಿಂದ ತಾನೇ ಕೊಳ್ಳಲಿ. ಮನೆಯ ದಾಸೋಹವನ್ನು ನಿಲ್ಲಿಸಿ, ಸಾಲ ಮಾಡಿ ತಂದ ವಾದ್ಯವು ಎಷ್ಟು ಇಂಪಾಗಿ ನುಡಿದರೂ ಅರ್ಪಿತವಾಗದು. ಕೈ ಸೋತ ದಿನ ಅದನ್ನು ಕಲಿಯಬಯಸುವ ಬಡ ಹುಡುಗನೊಬ್ಬನಿಗೆ ಸಂಕಟವಿಲ್ಲದೆ ಕೊಡಬಲ್ಲನಾದರೆ, ಅವನು ಅಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದುದು ತಪ್ಪಲ್ಲ.