ಕೋಡಿ ಬಿದ್ದ ನೀರಿಗೆ ಮಡಿಯುಂಟೆ?

ಕೋಲಾರ ಜಿಲ್ಲೆಯ ನರಸಾಪುರದ ಆಸುಪಾಸಿನ ನಮ್ಮೂರ ಕೆರೆ ಕೋಡಿ ಬಿದ್ದಾಗ ಊರವರು ಬಾಗಿನಕ್ಕೆ ಸಿದ್ಧರಾದರು. ಬಂದದ್ದು ಮಳೆನೀರಲ್ಲ, ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತ ಶುದ್ಧಮಾಡಿ 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್. ನಾನು ಬೆಂಗಳೂರಿನ ಇಂಥದೊಂದು ಘಟಕದ ಲ್ಯಾಬಿನವಳು. ಅತ್ತೆ ನನ್ನನ್ನೇ ಕೇಳಿದರು: “ಏನಮ್ಮಾ, ಈ ನೀರಿಗೆ ಗಂಗೆಪೂಜೆ ಮಾಡಬಹುದಾ? ಮಡಿಗೆ ಬರುತ್ತಾ?”

ಲ್ಯಾಬಿನ ಉತ್ತರ ಸುಲಭ. ಮಾದರಿಯನ್ನು ಬಾಟಲಿಗೆ ತುಂಬಿ 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿ ಇಡುತ್ತೇವೆ. ಆಮೇಲೆ ರಾಸಾಯನಿಕ ಬೆರೆಸಿ, ಗಂಜಿ ದ್ರಾವಣ ಹಾಕಿದರೆ ಕಡುನೀಲಿ. ಥಯೋಸಲ್ಫೇಟ್ ಹನಿಹನಿ ಬಿಡುತ್ತ ಹೋದಂತೆ ಯಾವುದೋ ಒಂದು ಹನಿಗೆ ನೀಲಿ ಥಟ್ಟನೆ ಮಾಯ. ಆ ಹನಿಗಳ ಲೆಕ್ಕದಿಂದ ನೀರಿನಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಎಷ್ಟನ್ನು ಕೊಳೆ ನುಂಗಿದೆ ಎಂಬುದು ಸಿಗುತ್ತದೆ. ಕೊಳೆ ನುಂಗುವ ಆಮ್ಲಜನಕದ ಈ ಅಳತೆಯೇ ಬಿಓಡಿ; ನದಿಸ್ನಾನಕ್ಕೆ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಎರಡೇ ಹಂತ ದಾಟಿದ ನೀರು ಸಾಮಾನ್ಯವಾಗಿ ಅಷ್ಟಕ್ಕೆ ಇಳಿಯದು. ಸಾರಜನಕ, ರಂಜಕವೂ ಉಳಿದಿರುತ್ತವೆ. ಅದಕ್ಕೇ ಈ ನೀರು ಅಂತರ್ಜಲ ಏರಿಸಲಿಕ್ಕೆ, ಕುಡಿಯಲಿಕ್ಕಲ್ಲ.

ಅತ್ತೆ ಕೇಳಿದ್ದು ಇದನ್ನಲ್ಲ. ‘ಹರಿಯುವ ನೀರಿಗೆ ಮೈಲಿಗೆಯಿಲ್ಲ’ ಎಂದು ಊರ ಹಿರಿಯರೊಬ್ಬರು ಸಮಾಧಾನ ಹೇಳಿದರು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ನದಿಗಳನ್ನು ಕೆಡಿಸಿದ್ದೇ ಆ ಮಾತು. ನೀರಿನಲ್ಲಿ ಮಲಮೂತ್ರ ಮಾಡಬಾರದೆಂದು ತೈತ್ತಿರೀಯ ಆರಣ್ಯಕ ವಿಧಿಸುತ್ತದೆ, ಮನುಸ್ಮೃತಿಯೂ ಹೇಳುತ್ತದೆ. ಅಲ್ಲಿ ಮಡಿಯ ಹೊಣೆ ನೀರಿನದಲ್ಲ, ಮನುಷ್ಯನದು. (ಅದೇ ಪರಂಪರೆ ಕೊಳೆ ಹೊರುವವರನ್ನೇ ಮೈಲಿಗೆ ಎಂದಿತು. ಮಲಹೊರುವ ಪದ್ಧತಿ ನಿಷೇಧಕ್ಕೆ 2013ರಲ್ಲಿ ಮತ್ತೆ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸಾಯುತ್ತಲೇ ಇದ್ದಾರೆ. ಆ ಮಡಿಯ ಪರ ವಾದಿಸಲು ನನಗೆ ಬಾಯಿ ಬರುವುದಿಲ್ಲ.)

ಫ್ಲಶ್ ಒತ್ತಿದೊಡನೆ ನಗರದವನು ಮಡಿಯಾದ. ಕೊಳೆ ಬೆಳ್ಳಂದೂರು, ವರ್ತೂರು ಕೆರೆ ಸೇರಿತು, ದಕ್ಷಿಣ ಪಿನಾಕಿನಿಗೆ ಇಳಿಯಿತು, ಹೊಸೂರಿನ ಕೆಲವರಪಲ್ಲಿ ಜಲಾಶಯದಲ್ಲಿ ನೊರೆಯಾಗಿ ಎದ್ದಿತು. 2018ರ ಜುಲೈನಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಂಡಿತು, ಜನ ಕೋರ್ಟು ಹತ್ತಿದರು. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಸಿಗುವ ಜಿಲ್ಲೆ ನಮ್ಮದು. ಬಂದ ನೀರನ್ನು ಬೇಡ ಅನ್ನುವ ಸ್ಥಿತಿಯೂ ಇಲ್ಲ.

ಶುದ್ಧೀಕರಣವನ್ನು ನಾನು ನಗರದ ಪ್ರಾಯಶ್ಚಿತ್ತ ಎನ್ನುತ್ತೇನೆ. ತಪ್ಪು ಮಾಡಿದವನೇ ಮಾಡಬೇಕು, ಪೂರ್ತಿ ಮಾಡಬೇಕು. ಎರಡು ಹಂತಕ್ಕೆ ನಿಲ್ಲಿಸಿ ಮಿಕ್ಕದ್ದನ್ನು ಕೋಲಾರದ ಮಣ್ಣು ಸೋಸಲಿ ಎಂದರೆ ಅದು ಅರ್ಧ ಪ್ರಾಯಶ್ಚಿತ್ತ.

ಅತ್ತೆಗೆ ಹೇಳಿದ್ದು ಇಷ್ಟು: “ಬಾಗಿನ ಅರ್ಪಿಸಿ ಅತ್ತೆ, ಅರಿಶಿನ ಕುಂಕುಮ ಹಾಕಿ, ನೀರು ನಮ್ಮ ಊರಿಗೆ ಬಂದಿದೆ. ತೀರ್ಥ ಅಂತ ಬಾಯಿಗೆ ಮಾತ್ರ ಹಾಕಬೇಡಿ.” ಬೆಂಗಳೂರಿನವರಿಗೆ ಹೇಳುವುದು ಬೇರೆ. ಮೂರನೇ ಹಂತದ ಶುದ್ಧೀಕರಣ ಆಗಬೇಕು, ಅದರ ಖರ್ಚು ನಮ್ಮ ತಿಂಗಳ ನೀರಿನ ಬಿಲ್ಲಿಗೇ ಸೇರಬೇಕು. ನಾನೂ ಆ ಬಿಲ್ಲು ಕಟ್ಟುವವಳೇ.